ಶಕ್ತಿ ಕಡಿಮೆ ಇರುವ ಕಾಲಿಗೂ ಕೆಲಸ ಕೊಡುವ ಸೈಕಲ್: ಇದು ಬಂದ ದಾರಿ

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಅಂದ್ರೆ ಜನರಿಗೆ ಪ್ರೀತಿ ಜಾಸ್ತಿ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಇಲ್ಲಿಂದಲೇ ಹೋಗಿದ್ದಾರೆ. ಹಾಗಾಗಿ ಒಂದು ಬದಿಯ ಕೈಕಾಲಿನಲ್ಲಿ ಶಕ್ತಿ ಕಡಿಮೆ ಇರುವ ಹುಡುಗ, ಹುಡುಗಿಯರ ತಂದೆತಾಯಿ "ಕರೆಂಟಿನ ಸೈಕಲ್ ತುಳಿಸಿದರೆ ಸುಧಾರಿಸುತ್ತಾರಾ?" ಅಂತ ಕೇಳೋದು ಸಹಜ. ಉತ್ತರ ಗೋಜಲಾಗಿರುವುದು ಯಾಕೆಂದರೆ ಇಲ್ಲಿ ಎರಡು ಬೇರೆ ಯಂತ್ರಗಳಿವೆ. ಒಂದರಲ್ಲಿ ಮೋಟಾರು ಚಕ್ರ ತಿರುಗಿಸುತ್ತದೆ. ಇನ್ನೊಂದರಲ್ಲಿ ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳಿಂದ ಸಣ್ಣ ಕರೆಂಟು ಹರಿದು, ತೊಡೆಯ ಸ್ನಾಯುವೇ ಪೆಡಲ್ ಒತ್ತುವಂತೆ ಮಾಡುತ್ತದೆ.

ಕರೆಂಟಿನಿಂದ ಸ್ನಾಯು ಎಬ್ಬಿಸುವ ಕೆಲಸ ಹಳೆಯದು. 1961ರಲ್ಲಿ ವೈದ್ಯ ಲಿಬರ್ಸನ್ ಮತ್ತು ಸಂಗಡಿಗರು, ಲಕ್ವಾ ಹೊಡೆದವರ ಜೋತುಬಿದ್ದ ಪಾದವನ್ನು ನಡೆಯುವಾಗ ಸರಿಯಾದ ಹೊತ್ತಿಗೆ ಎತ್ತುವ ಸಾಧನದ ಬಗ್ಗೆ ಬರೆದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಪೆಟ್ರೋಫ್ಸ್ಕಿ ಕಂಪ್ಯೂಟರ್ ಜೋಡಿಸಿ, ಬೆನ್ನುಹುರಿಗೆ ಪೆಟ್ಟು ಬಿದ್ದವರ ಕಾಲಿನಿಂದಲೇ ಪೆಡಲ್ ತುಳಿಸಿದರು. 2016ರ ಹೊತ್ತಿಗೆ ಜೂರಿಕ್ ಬಳಿ ನಡೆದ, ಅಂಗವಿಕಲರು ಯಂತ್ರಗಳ ನೆರವಿನಿಂದ ಸ್ಪರ್ಧಿಸುವ ಸೈಬಥ್ಲಾನ್ ಕೂಟದಲ್ಲಿ ಅಂಥ ಸೈಕಲ್‌ಗಳ ರೇಸೇ ನಡೆಯಿತು.

ಬೆನ್ನುಹುರಿ ಪೆಟ್ಟಿನ ಅನುಭವವನ್ನು ಈ ಮಕ್ಕಳಿಗೆ ಹಾಗೇ ತಂದು ಹಾಕಲಾಗದು. ಅಲ್ಲಿ ಎಷ್ಟೋ ಜನರಿಗೆ ಕಾಲಿನಲ್ಲಿ ಸ್ಪರ್ಶವೇ ಇರುವುದಿಲ್ಲ, ಕರೆಂಟು ಜಾಸ್ತಿ ಕೊಡಬಹುದು. ಸೆರೆಬ್ರಲ್ ಪಾಲ್ಸಿಯಿಂದ, ಅಂದ್ರೆ ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ, ಒಂದು ಬದಿ ಸೋತ ಮಕ್ಕಳಿಗೆ ಚುರುಚುರು ಅನ್ನೋದು ಗೊತ್ತಾಗುತ್ತದೆ, ಅದಕ್ಕೇ ಕಡಿಮೆಯಿಂದ ಶುರು ಮಾಡಬೇಕು. ಇವರಲ್ಲಿ ಫಿಟ್ಸ್ ಇರುವವರೂ ಇದ್ದಾರೆ, ಡಾಕ್ಟರನ್ನು ಕೇಳದೆ ಹಚ್ಚುವಂತಿಲ್ಲ. ಇನ್ನೊಂದು ತಡೆಯೂ ಇತ್ತು. ವ್ಯಾಯಾಮದಿಂದ ಬಲ ಹೆಚ್ಚಿಸಿದರೆ ಬಿಗಿತವೂ ಹೆಚ್ಚುತ್ತದೆ ಅಂತ ದಶಕಗಟ್ಟಲೆ ನಂಬಿದ್ದರು. 1990ರ ದಶಕದ ಅಧ್ಯಯನಗಳು ಆ ಭಯವನ್ನು ಕಳೆದವು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬಲ ಹೆಚ್ಚಿಸುವ ವ್ಯಾಯಾಮವಿಲ್ಲದೇ ದೊಡ್ಡವರಾಗಿದ್ದರು.

ಈಗ ಪೆಡಲ್ ಹತ್ತಿರ ಬರೋಣ, ನಿಜವಾದ ತೊಡಕು ಅಲ್ಲೇ ಇದೆ. ಎರಡೂ ಪೆಡಲ್ ಒಂದೇ ಅಚ್ಚಿಗೆ ಸೇರಿರುತ್ತವೆ. ಒಳ್ಳೆ ಕಾಲು ಒತ್ತಿದರೆ ಸಾಕು, ಸೋತ ಕಾಲು ಸುಮ್ನೆ ಸುತ್ತುತ್ತದೆ. ನೋಡುವವರಿಗೆ ಹುಡುಗ ಚೆನ್ನಾಗಿ ತುಳಿಯುತ್ತಿದ್ದಾನೆ ಅನಿಸುತ್ತದೆ, ಅಲ್ವಾ? ಕರೆಂಟು ಕೊಡುವ ಯಂತ್ರದಲ್ಲಿ ಪೆಡಲ್ ಯಾವ ಕೋನದಲ್ಲಿದೆ ಅಂತ ಅಳೆದು, ಆ ಕಾಲು ಒತ್ತಬೇಕಾದ ಹೊತ್ತಿಗೇ ಅದರ ಸ್ನಾಯುವನ್ನು ಎಚ್ಚರಿಸುತ್ತಾರೆ. ಮೋಟಾರಿನ ಸೈಕಲ್‌ಗಳಲ್ಲೂ ಫರಕು ಇದೆ. ಎಕ್ಸಿಲರೇಟರ್ ತಿರುಗಿಸಿ ಓಡಿಸುವ ಸೈಕಲ್‌ಗೆ ಕಾಲೇ ಬೇಡ. ಪೆಡಲ್ ತಿರುಗಿದ್ದನ್ನಷ್ಟೇ ನೋಡುವ ಸೆನ್ಸರ್‌ಗೆ ಯಾವ ಕಾಲು ದುಡಿಯಿತು ಅಂತ ಗೊತ್ತಾಗದು. ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಒತ್ತಿದಷ್ಟೇ ನೆರವು ಸಿಗುತ್ತದೆ, ಆದರೂ ಸೋತ ಕಾಲನ್ನು ಬೇರೆಯಾಗಿ ಗಮನಿಸುವವರು ಬೇಕು. ಎರಡು ಬ್ರೇಕನ್ನೂ ಒಳ್ಳೆ ಕೈಯ ಲಿವರ್‌ಗೆ ಜೋಡಿಸಬೇಕು. ಬ್ಯಾಲೆನ್ಸ್ ಸಾಲದಿದ್ದರೆ ಮೂರು ಗಾಲಿಯದೇ ಸರಿ.

ಫಲ ಏನು? ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಹೆಚ್ಚಾಗಿ ಸಣ್ಣವು. ತುಳಿಯುವ ಸಾಮರ್ಥ್ಯ ಹೆಚ್ಚುವ ಸೂಚನೆ ಇದೆ, ನಡಿಗೆಯೂ ಸುಧಾರಿಸುತ್ತದೆ ಅಂತ ಗಟ್ಟಿಯಾಗಿ ಹೇಳಲಾಗದು. ಮಾರುವವರ ವಿಡಿಯೊಗಳು ಮಾತ್ರ ಭರವಸೆಯನ್ನು ಧಾರಾಳವಾಗಿ ಹಂಚುತ್ತವೆ.

ನಮ್ಮ ದೇಶದಲ್ಲಿ ಅಂಗವಿಕಲರಿಗೆ ಸಾಧನ ಕೊಡಲು 1981ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಿಂದ ಕ್ಯಾಲಿಪರ್, ಗಾಲಿಕುರ್ಚಿ, ಕೈಯಿಂದ ತಿರುಗಿಸುವ ತ್ರಿಚಕ್ರ ಬಂದವು. ಎಷ್ಟೋ ಜನ ಮನೆಯಿಂದ ಹೊರಗೆ ಬಂದದ್ದು ಅವುಗಳಿಂದಲೇ. ಆದರೆ ಆ ತ್ರಿಚಕ್ರದಲ್ಲಿ ಕಾಲಿಗೆ ಕೆಲಸವಿಲ್ಲ. ಒಂದು ಕೈಯೂ ಸೋತವರಿಗೆ ಅದು ಇನ್ನೂ ಕಷ್ಟ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ ಇದೆ. ತಪಾಸಣೆಯಾದ ಮೇಲೆ ಕರೆಂಟಿನ ಸೈಕಲ್ ತುಳಿಯಲು ವಾರಕ್ಕೆ ಮೂರು ಸಲ ಇಂಡಿಯಿಂದಲೋ ಜಮಖಂಡಿಯಿಂದಲೋ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೆ, ಮಗನಿಗೆ ಶಾಲೆ ತಪ್ಪುತ್ತದೆ, ತಾಯಿಗೆ ಕೂಲಿ ತಪ್ಪುತ್ತದೆ. ಇಂಥ ಸೈಕಲ್ ತಾಲೂಕು ಆಸ್ಪತ್ರೆಗೆ, ಅದನ್ನು ಬಲ್ಲ ಫಿಸಿಯೋ ಜೊತೆಗೇ ಬರಬೇಕು. ಯಂತ್ರ ಒಂದೇ ಬಂದರೆ, ಸೋತ ಕಾಲು ಮತ್ತೆ ಸುಮ್ನೆ ಸುತ್ತುತ್ತಿರುತ್ತದೆ.