ಹಿಮ ಚಿರತೆ ಎಷ್ಟಿವೆ? ಲೆಕ್ಕಕ್ಕೆ ಸಿಗದ ಪ್ರಾಣಿಯ ಹಳೇ ಲೆಕ್ಕ

2024ರ ಜನವರಿ 30ರಂದು ಕೇಂದ್ರ ಸರ್ಕಾರ ಒಂದು ಸಂಖ್ಯೆ ಹೇಳಿತು. 718. ಭಾರತದಲ್ಲಿರುವ ಹಿಮ ಚಿರತೆಗಳು ಇಷ್ಟು. 2025ರಲ್ಲಿ ಹಿಮಾಚಲ ಪ್ರದೇಶ, ನಮ್ಮಲ್ಲಿ 51 ಇದ್ದದ್ದು ಈಗ 83 ಆಗಿದೆ ಎಂದಿತು. ಇದಕ್ಕೂ ಮುಂಚೆ, 2017ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಪಾಯದಲ್ಲಿರುವ ಜೀವಿಗಳ ತನ್ನ ಕೆಂಪು ಪಟ್ಟಿಯಲ್ಲಿ ಈ ಪ್ರಾಣಿಯ ಅಪಾಯದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದಾಗ ವಿಜ್ಞಾನಿಗಳಲ್ಲೇ ಜಗಳ ಆಗಿತ್ತು. ಹಾಗಾದರೆ ಹಿಮ ಚಿರತೆ ಹೆಚ್ಚಾಗಿದೆಯಾ, ಕಡಿಮೆಯಾಗಿದೆಯಾ? ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. ಸ್ವಲ್ಪ ಹಿಂದಕ್ಕೆ ಹೋಗೋಣ.

ಕಾಡಿನಲ್ಲಿ ಇದರ ಮೊದಲ ಫೋಟೋಗಳನ್ನು ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ತೆಗೆದದ್ದು 1970ರ ಆಸುಪಾಸಿನಲ್ಲಿ, ಪಾಕಿಸ್ತಾನದ ಚಿತ್ರಾಲ್‌ನಲ್ಲಿ. 1980ರ ದಶಕದಲ್ಲಿ ರಾಡ್ನಿ ಜಾಕ್ಸನ್ ಎಂಬ ಸಂಶೋಧಕ ನೇಪಾಳದ ಕಣಿವೆಯಲ್ಲಿ ನಾಲ್ಕೈದು ಚಿರತೆಗಳ ಕುತ್ತಿಗೆಗೆ, ಅವು ಎಲ್ಲಿವೆ ಎಂದು ತಿಳಿಸುವ ರೇಡಿಯೋ ಕಾಲರ್ ಕಟ್ಟಿದರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಲಡಾಖ್‌ನಲ್ಲಿ ಹೆಮಿಸ್, ಹಿಮಾಚಲದ ಸ್ಪಿತಿಯಲ್ಲಿ ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನಗಳಾದವು, ಕಿಬ್ಬರ್ ಅಭಯಾರಣ್ಯವಾಯಿತು. ಅಲ್ಲಿಗೆ ಕಾಗದದ ಕೆಲಸ ಮುಗಿಯಿತು. ಭಾರತದಲ್ಲಿ ಎಷ್ಟಿವೆ ಎಂದು ಕೇಳಿದರೆ ಕೆಲವರು 200ರಿಂದ 600 ಎಂದರು, ಇನ್ನು ಕೆಲವರು 400ರಿಂದ 700. ಎಲ್ಲವೂ ಅಂದಾಜೇ.

ನಿಜವಾದ ಕಥೆ ಶುರುವಾಗುವುದು ಕಿಬ್ಬರ್‌ನಲ್ಲಿ.

ಕಿಬ್ಬರ್ ಇರುವುದು ಸ್ಪಿತಿಯಲ್ಲಿ, ಸುಮಾರು 4,200 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಜಾಸ್ತಿ. ಮರ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಬಾರ್ಲಿ ಬೆಳೆಯುತ್ತಾರೆ, ದುಡ್ಡಿಗಾಗಿ ಹಸಿ ಬಟಾಣಿ. ಜೊತೆಗೆ ಯಾಕ್, ಕುದುರೆ, ಕುರಿ, ಮೇಕೆ. ಅದೇ ಗುಡ್ಡದಲ್ಲಿ ಭರಲ್ ಎಂಬ ನೀಲಿ ಕುರಿ ಮೇಯುತ್ತದೆ, ಅದನ್ನು ಹಿಡಿಯಲು ಹಿಮ ಚಿರತೆ ಬರುತ್ತದೆ. ಸ್ಪಿತಿಯವರು ಅದನ್ನು ಶೆನ್ ಎನ್ನುತ್ತಾರೆ. ಅಭಯಾರಣ್ಯದ ಗೆರೆ ಆ ಗುಡ್ಡದ ಮೇಲೇ ಹಾದುಹೋಗಿದೆ. ಯಾಕಿಗೂ ಗೊತ್ತಿಲ್ಲ, ಚಿರತೆಗೂ ಗೊತ್ತಿಲ್ಲ.

1990ರ ದಶಕದ ಮಧ್ಯದಲ್ಲಿ ಚಾರುದತ್ತ ಮಿಶ್ರಾ ಎಂಬ ಯುವ ಸಂಶೋಧಕ ಅಲ್ಲಿ ಉಳಿದು, ಕಳೆದ ಜಾನುವಾರುಗಳ ಲೆಕ್ಕ ಬರೆದುಕೊಂಡರು. ಹದಿನೆಂಟು ತಿಂಗಳಲ್ಲಿ ಕಾಡುಪ್ರಾಣಿಗಳಿಗೆ ಹೋದವು 189 ಎಂದು ಊರವರು ಹೇಳಿದರು. ಇದ್ದ ಜಾನುವಾರುಗಳಲ್ಲಿ ನೂರಕ್ಕೆ ಹದಿನೆಂಟು. ಪರಿಹಾರವಾಗಿ ಬಂದ ಹಣ ನಷ್ಟದ ನೂರಕ್ಕೆ ಮೂರರಷ್ಟು. ಪರಿಹಾರದ ಕಾನೂನು ಇತ್ತು, ಅರ್ಜಿ ಇತ್ತು, ಕಚೇರಿಯೂ ಇತ್ತು. ಸತ್ತ ಯಾಕಿನ ಪುರಾವೆ ಹಿಡಿದು ಆ ರಸ್ತೆಯಲ್ಲಿ ಕಚೇರಿಗೆ ಅಲೆಯುವವರು ಯಾರು?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಗುಡ್ಡದಲ್ಲಿ ಒಂದು ಕುರಿ ಹೋದರೆ ಜನ ಬೈದುಕೊಂಡು ಸುಮ್ಮನಾಗುತ್ತಾರೆ. ಆದರೆ ಕಲ್ಲಿನ ಗೋಡೆಯ, ಮೇಲೆ ಸರಿಯಾದ ಮುಚ್ಚಿಗೆ ಇಲ್ಲದ ದೊಡ್ಡಿಯೊಳಗೆ ರಾತ್ರಿ ಚಿರತೆ ಹಾರಿತು ಅಂದುಕೊಳ್ಳಿ. ಕುರಿಗಳು ಬೆದರಿ ಮೂಲೆಯಿಂದ ಮೂಲೆಗೆ ಓಡುತ್ತವೆ. ಕಣ್ಣೆದುರು ಓಡಿದ್ದನ್ನೆಲ್ಲ ಚಿರತೆ ಹಿಡಿಯುತ್ತದೆ. ತಿನ್ನುವುದು ಒಂದನ್ನೇ ಇರಬಹುದು, ಬೆಳಿಗ್ಗೆ ಬಾಗಿಲು ತೆಗೆದರೆ ಹತ್ತೋ ಇಪ್ಪತ್ತೋ ಬಿದ್ದಿರುತ್ತವೆ. ಹಿಮ ಚಿರತೆಯನ್ನು ಹಿಡಿದು ಹೊಡೆಯುವ ಸಿಟ್ಟು ಹುಟ್ಟುವುದು ಆ ಬೆಳಿಗ್ಗೆ. ಇದಕ್ಕೆ ಮದ್ದು ದೊಡ್ಡ ವಿಜ್ಞಾನವೇನಲ್ಲ. ದೊಡ್ಡಿಯ ಮೇಲೆ ತಂತಿ ಜಾಲರಿ, ಗಟ್ಟಿಯಾದ ಒಂದು ಬಾಗಿಲು. ಅಷ್ಟೇ. ಅದಕ್ಕೆ ಕೈಯಲ್ಲಿ ಕಾಸು ಬೇಕು ಅನ್ನೋದು ಬೇರೆ ಮಾತು.

1996ರಲ್ಲಿ ಮೈಸೂರಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಶುರುವಾಯಿತು. ಮಿಶ್ರಾ ಅದರ ಸ್ಥಾಪಕರಲ್ಲಿ ಒಬ್ಬರು. ಹೌದು, ಹಿಮವನ್ನೇ ಕಾಣದ ಮೈಸೂರು! ಅಲ್ಲಿಂದ ಹೋದವರು ಕಿಬ್ಬರ್‌ನ ಹಿರಿಯರ ಜೊತೆ ಕೂತು ಮಾತಾಡಿದರು. ಮಾತುಕತೆಯ ಕೊನೆಗೆ ಊರವರು ಹುಲ್ಲುಗಾವಲಿನ ಒಂದು ಚೂರನ್ನು, ಸುಮಾರು 5 ಚದರ ಕಿ.ಮೀ., ಜಾನುವಾರು ಬಿಡದೆ ಭರಲ್‌ಗೆ ಮೀಸಲಿಡಲು ಒಪ್ಪಿದರು. ಮೇವು ಬಿಟ್ಟುಕೊಟ್ಟದ್ದಕ್ಕೆ ಊರಿಗೆ ಹಣ, ಕಾವಲಿಗೆ ಊರಿನದೇ ಹುಡುಗರು. ಕೆಲವೇ ವರ್ಷಗಳಲ್ಲಿ ಅಲ್ಲಿ ಭರಲ್ ಹೆಚ್ಚಿತು. 2002ರಲ್ಲಿ ಜಾನುವಾರು ವಿಮೆ ಬಂತು. ಯಾಕ್ ಇದ್ದವರು ಕಂತು ಕಟ್ಟುವುದು, ಸತ್ತರೆ ಊರಿನ ಸಮಿತಿಯೇ ಬಂದು ನೋಡಿ ಹಣ ಕೊಡುವುದು. ಸುಳ್ಳು ಹೇಳೋಣ ಅಂದರೆ ಪಕ್ಕದ ಮನೆಯವನೇ ಸಮಿತಿಯಲ್ಲಿರುತ್ತಾನೆ. ಕಡತಕ್ಕಿಂತ ಇದು ಚೆನ್ನಾಗಿ ನಡೆಯುತ್ತದೆ, ಅಲ್ವಾ?

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಂಡರೆ ತಪ್ಪು. ಭರಲ್ ಹೆಚ್ಚಾದರೆ ಚಿರತೆ ಕುರಿಗಳನ್ನು ಬಿಡುತ್ತದೆ ಎಂದು ಎಲ್ಲರೂ ನಂಬಿದ್ದರು. ಮುಂದಿನ ಅಧ್ಯಯನಗಳಲ್ಲಿ ಕಂಡದ್ದು ಉಲ್ಟಾ. ಭರಲ್ ಜಾಸ್ತಿಯಾದರೆ ಚಿರತೆಯೂ ಜಾಸ್ತಿ, ಚಿರತೆ ಜಾಸ್ತಿಯಾದರೆ ದೊಡ್ಡಿಗೂ ಕಾಟ ಜಾಸ್ತಿ. ಅಂದರೆ ಸಂರಕ್ಷಣೆ ಗೆದ್ದಷ್ಟೂ ಕುರಿಗಾಹಿಯ ಖರ್ಚು ಏರುತ್ತದೆ. ಹಾಗಾಗಿ ವಿಮೆ, ಜಾಲರಿ ಇವೆಲ್ಲ ಒಂದೆರಡು ವರ್ಷ ಮಾಡಿ ಬಿಡುವ ಯೋಜನೆಗಳಲ್ಲ. ಇದರ ನಡುವೆ ನಾಯಿಗಳು ಬೇರೆ. ಪ್ರವಾಸಿಗಳು, ಹೋಟೆಲ್, ಸೇನಾ ಶಿಬಿರ, ಕಸ ಎಲ್ಲ ಹೆಚ್ಚಿದಂತೆ ಬೀದಿನಾಯಿ ಹೆಚ್ಚಿವೆ. ಸ್ಪಿತಿಯ ಮೇಲ್ಭಾಗದಲ್ಲಿ ಸಂಶೋಧಕರು ವಿಚಾರಿಸಿ ನೋಡಿದಾಗ ಜಾನುವಾರು ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾಯಿಗಳದ್ದೇ ಆಗಿತ್ತು. ನಾಯಿ ಕೊಂದದ್ದು ಮಾತ್ರ ಯಾವ ಪೋಸ್ಟರ್‌ನಲ್ಲೂ ಬರುವುದಿಲ್ಲ.

ಈಗ ಎಣಿಕೆಗೆ ಬರೋಣ. ಇದಕ್ಕೂ ಕರ್ನಾಟಕದ ನಂಟಿದೆ. ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ, ಪ್ರಾಣಿ ಹಾದುಹೋದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಸಿಕ್ಕಿದ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬ ಲೆಕ್ಕದಿಂದ, ಸಿಗದೇ ಉಳಿದವೆಷ್ಟು ಎಂದು ಅಂದಾಜು ಮಾಡಿದರು. 2000ದ ನಂತರ ಜಾಕ್ಸನ್ ಮತ್ತವರ ತಂಡ ಅದೇ ದಾರಿಯನ್ನು ಹೆಮಿಸ್‌ನಲ್ಲಿ ಹಿಮ ಚಿರತೆಗೆ ಹಿಡಿಯಿತು. ಪಟ್ಟೆಯ ಬದಲು ಇಲ್ಲಿ ಮೈಮೇಲಿನ ಮಚ್ಚೆ.

ಹೇಳಿದಷ್ಟು ಸುಲಭ ಇಲ್ಲ. ಚಿರತೆ ಮೂತ್ರ ಸಿಂಪಡಿಸುವ ಚಾಚು ಬಂಡೆ ಹುಡುಕಿ, ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕೂರಿಸಬೇಕು. ಚಳಿಗೆ ಬ್ಯಾಟರಿ ಸಾಯುತ್ತದೆ. ಎಡ ಮಗ್ಗುಲಿನ ಮಚ್ಚೆ ಬಲಕ್ಕಿರುವುದಿಲ್ಲ. ಚಳಿಗಾಲದ ದಪ್ಪ ತುಪ್ಪಳದಲ್ಲಿ ಮಚ್ಚೆಗಳು ಕಲಸಿಹೋಗುತ್ತವೆ, ಮೈ ತಿರುಗಿಸಿದರೆ ಆಕಾರವೇ ಬೇರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಯಾವುದು ಯಾವ ಚಿರತೆ ಎಂದು ಮೊದಲೇ ಗೊತ್ತಿದ್ದ ಮೃಗಾಲಯದ ಚಿರತೆಗಳ ಫೋಟೋಗಳನ್ನು ಎಂಟು ಜನರಿಗೆ ಕೊಟ್ಟು ನೋಡಿದರು. ಒಂದೇ ಚಿರತೆಯನ್ನು ಎರಡು ಎಂದುಕೊಳ್ಳುವ ತಪ್ಪು ಎಷ್ಟಾಯಿತೆಂದರೆ, ಒಟ್ಟು ಸಂಖ್ಯೆ ಮೂರನೇ ಒಂದರಷ್ಟು ಉಬ್ಬಿತು. ಸಾಲದ್ದಕ್ಕೆ, ಹೆಚ್ಚಿನ ಕಡೆ ಕ್ಯಾಮೆರಾ ಇಟ್ಟದ್ದೇ ಚಿರತೆ ಚೆನ್ನಾಗಿರುವ ಜಾಗದಲ್ಲಿ. ಅಲ್ಲಿಯ ಲೆಕ್ಕವನ್ನು ಇಡೀ ಪರ್ವತಕ್ಕೆ ಗುಣಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 2017ರ ಜಗಳದಲ್ಲಿ ಇದೂ ಇತ್ತು.

718ರ ಲೆಕ್ಕ ಇದಕ್ಕಿಂತ ಎಷ್ಟೋ ಗಟ್ಟಿ. 2019ರಿಂದ 2023ರವರೆಗೆ ಭಾರತೀಯ ವನ್ಯಜೀವಿ ಸಂಸ್ಥೆಯ ಮುಂದಾಳತ್ವದಲ್ಲಿ, ಮೈಸೂರಿನ ಸಂಸ್ಥೆಯೂ ಸೇರಿ, 1,971 ಕಡೆ ಕ್ಯಾಮೆರಾ ಇಟ್ಟರು. 13,450 ಕಿ.ಮೀ. ನಡೆದು ಕುರುಹು ಹುಡುಕಿದರು. ಫೋಟೋದಲ್ಲಿ ಬೇರೆ ಬೇರೆ ಎಂದು ಗುರುತಾದದ್ದು 241. ಉಳಿದದ್ದು ಗಣಿತ. ಲಡಾಖ್‌ಗೆ 477, ಉತ್ತರಾಖಂಡಕ್ಕೆ 124. ಹಿಂದೆ ಇಂಥ ಎಣಿಕೆ ನಡೆದೇ ಇಲ್ಲದ ಕಾರಣ ಏರಿತೋ ಇಳಿಯಿತೋ ಎಂದು ಇದರಿಂದ ಹೇಳಲಾಗುವುದಿಲ್ಲ. ಹಿಮಾಚಲದ ಹಳೇ 51 ಕೂಡ ನಿಜಕ್ಕೆ 34ರಿಂದ 73ರ ನಡುವೆ ಎಂಬ ಅಂದಾಜು. 83ಕ್ಕೂ ಅಂಥದೇ ಹಿಂದುಮುಂದು ಇದೆ. ಸುದ್ದಿಯ ತಲೆಬರಹದಲ್ಲಿ ಅದಕ್ಕೆಲ್ಲ ಜಾಗ ಇರುವುದಿಲ್ಲ.

ಈ 83ರ ಎಣಿಕೆಯಲ್ಲಿ ಕಿಬ್ಬರ್‌ನ ಹೆಂಗಸರದೇ ಒಂದು ತಂಡ ಇತ್ತು. ಕ್ಯಾಮೆರಾ ಹೊತ್ತು ಗುಡ್ಡ ಹತ್ತಿದವರೂ ಅವರೇ, ವಾಪಸ್ ಬಂದು ಕಂಪ್ಯೂಟರ್ ಮುಂದೆ ಕೂತು, ಈ ಮಚ್ಚೆ ಆ ಮಚ್ಚೆ ಒಂದೇನಾ ಎಂದು ಹೋಲಿಸಿ ನೋಡಿದವರೂ ಅವರೇ. ಬೇಸಿಗೆ ಬಂದರೆ ಬಟಾಣಿ ಹೊಲ ಕಾಯುತ್ತಿರುತ್ತದೆ.