ರಜೆಯ ಅಳತೆಗೆ ಸಿಕ್ಕ ಸೇವೆ: ಚರ್ಚ್ ತಂಡಗಳ ವಿದೇಶಿ ಮಿಷನ್ ಪ್ರವಾಸ ಬೆಳೆದುಬಂದ ಬಗೆ

ವಾರವೋ ಹತ್ತು ದಿನವೋ ಪರದೇಶದ ಹಳ್ಳಿಯೊಂದರಲ್ಲಿ ಉಳಿದು, ಶಾಲೆಯ ಗೋಡೆ ಕಟ್ಟಿ, ಆರೋಗ್ಯ ಶಿಬಿರ ನಡೆಸಿ, ಮಕ್ಕಳಿಗೆ ಬೈಬಲ್ ಕಥೆ ಹೇಳಿ ಊರಿಗೆ ಮರಳುವ ಚರ್ಚ್ ತಂಡಗಳು ಇಂದು ಹಲವು ದೇಶಗಳಲ್ಲಿ ಕಾಣಸಿಗುತ್ತವೆ. ಅಮೆರಿಕ ಒಂದರಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಚರ್ಚ್ ಸದಸ್ಯರು ಹೀಗೆ ಹೋಗಿಬರುತ್ತಾರೆ, ಅಲ್ಲಿ ಉಳಿಯುವುದು ಸರಾಸರಿ ಎಂಟು ದಿನ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2005ರ ಸಮೀಕ್ಷೆಯೊಂದರ ಆಧಾರದಲ್ಲಿ ಅಂದಾಜಿಸಿದ್ದರು. ಈ ಎಂಟು ದಿನಗಳನ್ನು ಗೊತ್ತುಮಾಡಿದ್ದು ಕಚೇರಿ ಮತ್ತು ಕಾಲೇಜುಗಳ ರಜೆ. ಹಳ್ಳಿಗೆ ಏನು ಬೇಕು ಎಂಬ ಪ್ರಶ್ನೆ ಆಮೇಲೆ ಬಂತು. ಇಂಥ ಪ್ರವಾಸಗಳಲ್ಲಿ ಏನೇನು ಕೆಡುತ್ತದೆಯೋ ಅದರ ಬಹುಪಾಲು ಈ ಹಿಂದುಮುಂದಿನಿಂದಲೇ ಹುಟ್ಟಿದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಹೀಗಿರಲಿಲ್ಲ. ಬ್ರಿಟಿಷ್ ಮಿಷನರಿ ವಿಲಿಯಂ ಕೇರಿ 1793ರ ಜೂನ್‌ನಲ್ಲಿ ಇಂಗ್ಲೆಂಡ್‌ನಿಂದ ಹೊರಟು ಬಂಗಾಳ ತಲುಪಿದ್ದು ನವೆಂಬರ್‌ನಲ್ಲಿ. ಐದು ತಿಂಗಳು ಕಡಲಲ್ಲೇ ಕಳೆದವರು ಎಂಟು ದಿನ ಇದ್ದು ಮರಳುವ ಮಾತೇ ಇಲ್ಲ. ಕೇರಿ ಮತ್ತೆ ಇಂಗ್ಲೆಂಡಿಗೆ ಹೋಗಲೇ ಇಲ್ಲ, 1834ರಲ್ಲಿ ಸೆರಾಂಪುರದಲ್ಲೇ ತೀರಿಕೊಂಡರು. 1886ರಲ್ಲಿ ಅಮೆರಿಕದ ಮೌಂಟ್ ಹರ್ಮನ್‌ನಲ್ಲಿ ನೂರು ವಿದ್ಯಾರ್ಥಿಗಳು ವಿದೇಶಿ ಮಿಷನ್‌ಗೆ ಹೋಗಲು ಮುಂದೆ ಬಂದಾಗ ಹುಟ್ಟಿದ ಸ್ಟೂಡೆಂಟ್ ವಾಲಂಟಿಯರ್ ಮೂವ್‌ಮೆಂಟ್ ಕೂಡ ಬಯಸಿದ್ದು ಜೀವಮಾನದ ಸೇವೆಯನ್ನೇ. ಆ ಕಾಲದ ಮಿಷನರಿಗಳ ಮೇಲೆ ಬೇರೆ ಆಕ್ಷೇಪಗಳಿವೆ. ವಸಾಹತು ಆಡಳಿತದ ನೆರಳಲ್ಲಿ ನಡೆದ ಕೆಲಸ ಎಂಬುದು ಅದರಲ್ಲಿ ಮುಖ್ಯವಾದದ್ದು. ಆದರೆ ವರ್ಷಗಟ್ಟಲೆ ಕೂತು ಭಾಷೆ ಕಲಿತದ್ದರಿಂದ, ಯಾವ ತಿಂಗಳಲ್ಲಿ ಬಾವಿ ಬತ್ತುತ್ತದೆ, ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅವರಿಗೆ ತಿಳಿದಿರುತ್ತಿತ್ತು.

ತಿರುವು ಬಂದದ್ದು 1950ರ ದಶಕದ ಕೊನೆಯಲ್ಲಿ. 1957ರ ಬೇಸಿಗೆ ರಜೆಯಲ್ಲಿ ಜಾರ್ಜ್ ವರ್ವರ್ ಎಂಬ ಕಾಲೇಜು ವಿದ್ಯಾರ್ಥಿ ಇಬ್ಬರು ಗೆಳೆಯರೊಂದಿಗೆ ಧಾರ್ಮಿಕ ಪುಸ್ತಕಗಳನ್ನು ಹೊತ್ತು ಮೆಕ್ಸಿಕೊಕ್ಕೆ ಹೋದರು. ಅದೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಸಂಸ್ಥೆಯಾಯಿತು. 1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ದಾಟುವ ಜೆಟ್ ವಿಮಾನ ಸಂಚಾರ ಶುರುವಾಯಿತು. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ಯೂತ್ ವಿತ್ ಎ ಮಿಷನ್ ಸ್ಥಾಪಿಸಿದರು. 1964ರ ಬೇಸಿಗೆಯಲ್ಲಿ ಅದರ ಯುವ ತಂಡಗಳು ಬಹಾಮಾಸ್ ಮತ್ತು ಡೊಮಿನಿಕನ್ ಗಣರಾಜ್ಯಕ್ಕೆ ಹೋದವು. ನಡುವೆ, 1961ರಲ್ಲಿ, ಅಮೆರಿಕ ಸರ್ಕಾರದ ಪೀಸ್ ಕೋರ್ ಬಂತು. ಅದು ಸ್ವಯಂಸೇವಕರಿಂದ ಎರಡು ವರ್ಷ ಕೇಳಿತು, ಚರ್ಚ್ ತಂಡಗಳು ಬೇಸಿಗೆ ರಜೆಯನ್ನಷ್ಟೇ ಕೇಳಿದವು. 1970ರಲ್ಲಿ ಬೋಯಿಂಗ್ 747 ಬಂದು ಪ್ರಯಾಣ ಇನ್ನಷ್ಟು ಸುಲಭವಾದ ಮೇಲೆ ಬೇಸಿಗೆ ರಜೆ ಎರಡು ವಾರವಾಯಿತು, ಎರಡು ವಾರ ಒಂದಾಯಿತು.

ಆಕ್ಷೇಪ ತಡವಾಗಿಯೇನೂ ಬರಲಿಲ್ಲ. ಲ್ಯಾಟಿನ್ ಅಮೆರಿಕದ ಹಳ್ಳಿಗಳಿಗೆ ಹೊರಟಿದ್ದ ವಿದ್ಯಾರ್ಥಿ ಸ್ವಯಂಸೇವಕರಿಗೆ 1968ರಲ್ಲಿ ಇವಾನ್ ಇಲಿಚ್ ನೇರವಾಗಿಯೇ ಹೇಳಿದ್ದರು: ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ. ಸ್ವತಃ ಪಾದ್ರಿಯಾಗಿದ್ದವರ ಮಾತು ಅದು. ತಂಡಗಳು ಹೋಗುವುದು ನಿಲ್ಲಲಿಲ್ಲ.

ಗೋಡೆ, ಪಂಪು, ಮಾತ್ರೆ

ಎಂಟು ದಿನದಲ್ಲಿ ಮುಗಿದು, ಕೊನೆಯ ದಿನ ಎದುರಿಗೆ ನಿಂತು ಫೋಟೊ ತೆಗೆಸಿಕೊಳ್ಳಬಹುದಾದ ಕೆಲಸ ಯಾವುದು? ಕಟ್ಟಡ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಹಾಳುಗೆಡವಿದ ಮೇಲೆ ಉತ್ತರ ಅಮೆರಿಕದ ತಂಡಗಳು ಸಾಲುಸಾಲಾಗಿ ಹೋಗಿ ಮನೆ ಕಟ್ಟಿದವು. ಆ ಮನೆಗಳನ್ನು ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಒಂದು ಮನೆಯ ಖರ್ಚು ಸುಮಾರು 2,000 ಡಾಲರ್. ತಂಡವೊಂದು ಬಂದುಹೋಗಲು ಮಾಡುತ್ತಿದ್ದ ಖರ್ಚು ಸರಾಸರಿ 30,000 ಡಾಲರ್. ಹೊರಗಿನವರು ಕಟ್ಟಿದ ಮನೆ ಸಿಕ್ಕವರಿಗೂ ಸ್ಥಳೀಯ ಮೇಸ್ತ್ರಿಗಳು ಕಟ್ಟಿದ ಮನೆ ಸಿಕ್ಕವರಿಗೂ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋದವರ ಬದುಕಾದರೂ ಬದಲಾಯಿತೇ ಎಂದರೆ, ಹೆಚ್ಚಿನವರಲ್ಲಿ ಆ ಬದಲಾವಣೆ ಬಹಳ ಕಾಲ ನಿಂತಿರಲಿಲ್ಲ.

ಕುಡಿಯುವ ನೀರಿನ ಕೆಲಸದಲ್ಲಿ ಈ ಅವಸರ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ನೆಲ ಅನುಕೂಲವಾಗಿದ್ದರೆ ಕೊಳವೆಬಾವಿ ಕೊರೆಯಲು ಒಂದೆರಡು ದಿನ ಸಾಕು. ಅದರ ಸುತ್ತ ಹಾಕುವ ಕಾಂಕ್ರೀಟ್ ಕಟ್ಟೆಯನ್ನು ಮಾತ್ರ ಕನಿಷ್ಠ ಏಳು ದಿನ ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡಬೇಕು, ಅಲ್ಲಿಯವರೆಗೆ ಪಂಪಿನ ಹಿಡಿ ಮುಟ್ಟಬಾರದು. ಶನಿವಾರ ವಿಮಾನ ಹತ್ತಬೇಕಾದ ತಂಡ ಕಟ್ಟೆ ಹಾಕಿದ ಮೂರನೇ ದಿನವೇ ಪಂಪು ಕೂರಿಸಿ, ಪ್ರಾರ್ಥನೆ ಮಾಡಿ, ನೀರು ಹೊಡೆದು ಉದ್ಘಾಟಿಸುತ್ತದೆ. ಹಿಡಿ ಆಡಿಸಿದಷ್ಟೂ ಪೀಠ ಅಲುಗುತ್ತದೆ, ಹಸಿ ಕಾಂಕ್ರೀಟ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕೊಡ ತೊಳೆದ ನೀರು, ದನ ತುಳಿದ ಕೆಸರು ಆ ಬಿರುಕಿನಿಂದ ಕೇಸಿಂಗ್ ಪೈಪಿನ ಹೊರಮೈ ಹಿಡಿದು ಕೆಳಗಿಳಿಯುತ್ತದೆ. ಹೀಗೆ ಬೇಧಿ ತಪ್ಪಿಸಲು ಕೊರೆದ ಬಾವಿಯಿಂದಲೇ ಬೇಧಿ ಬರಬಹುದು.

ಕಾಲದ ಲೆಕ್ಕ ಇನ್ನೊಂದು ಕಡೆಯೂ ತಪ್ಪುತ್ತದೆ. ಉತ್ತರದ ದೇಶಗಳ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್. ಮಧ್ಯ ಅಮೆರಿಕದಲ್ಲೂ ಪಶ್ಚಿಮ ಆಫ್ರಿಕಾದ ಬಹುಭಾಗದಲ್ಲೂ ಅದು ಮಳೆಗಾಲ. ಅಂತರ್ಜಲ ಮೇಲೆ ಬಂದಿರುವ ಹೊತ್ತಿನಲ್ಲಿ, ನೀರು ಸಿಕ್ಕಿತೆಂದು ಕೊರೆಯುವುದನ್ನು ನಿಲ್ಲಿಸಿದರೆ ಬರುವ ಒಣ ಋತುವಿನಲ್ಲಿ ಪಂಪು ಗಾಳಿ ಎಳೆಯುತ್ತದೆ. ಕೊರೆಯುವುದಾದರೆ ಒಣ ಋತುವಿನ ಕೊನೆಯಲ್ಲೇ ಕೊರೆಯಬೇಕು. ಅದೂ ಅಲ್ಲದೆ ಮಳೆಗಾಲ ಬಿತ್ತನೆಯ, ಕಳೆ ಕೀಳುವ ಕಾಲ. ಹಳ್ಳಿಯವರು ಹೊಲದ ಕೆಲಸ ಬಿಟ್ಟು ಅತಿಥಿಗಳಿಗೆ ಅಡುಗೆ ಮಾಡಿಹಾಕಬೇಕಾಗುತ್ತದೆ.

ಇದೆಲ್ಲ ಸರಿಹೋದರೂ ಪಂಪಿಗೆ ಬಿಡಿಭಾಗ ಬೇಕು. ಆಫ್ರಿಕಾದ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಆಫ್ರಿಡೆವ್ ಪಂಪು ಸುಮಾರು 45 ಮೀಟರ್ ಆಳದವರೆಗೆ ನೀರೆತ್ತುತ್ತದೆ. ಹಳ್ಳಿಯವರೇ ಕೆಲವೇ ಉಪಕರಣಗಳಿಂದ ಬಿಚ್ಚಿ ರಿಪೇರಿ ಮಾಡಲೆಂದೇ ಅದನ್ನು ರೂಪಿಸಿದ್ದು. ಅದರ ಪಿಸ್ಟನ್ನಿನ ಯು-ಸೀಲ್ ಎಂಬ ರಬ್ಬರ್ ಬಳೆ, ಕವಾಟದ ಬಾಬಿನ್, ಹಿಡಿಯ ಬೇರಿಂಗ್ ಬುಷ್ ಇವು ಸವೆಯುವ ಭಾಗಗಳು, ಕಾಲಕಾಲಕ್ಕೆ ಬದಲಿಸಬೇಕು. ತಂಡವೊಂದು ತನ್ನ ದೇಶದಿಂದ ಬೇರೆ ಮಾದರಿಯ ಪಂಪು ತಂದು ಕೂರಿಸಿತೆನ್ನಿ, ಸೀಲ್ ಸವೆದ ದಿನ ಹತ್ತಿರದ ಪೇಟೆಯಲ್ಲಿ ಅದು ಸಿಗುವುದಿಲ್ಲ. ನೀರು ಆಮ್ಲೀಯವಾಗಿರುವ, ಅಂದರೆ ಪಿಎಚ್ 6.5ಕ್ಕಿಂತ ಕಡಿಮೆ ಇರುವ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇಳಿಸಿದರೆ ತುಕ್ಕು ಹಿಡಿದು ನೀರು ಕೆಂಪಾಗುತ್ತದೆ. ಜನ ಹಳೆಯ ಹೊಂಡಕ್ಕೇ ಮರಳುತ್ತಾರೆ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೈಪಂಪುಗಳು ಕೆಟ್ಟು ನಿಂತಿವೆ ಎಂಬ ಅಂದಾಜು 2009ರಲ್ಲಿ ಪ್ರಕಟವಾಗಿತ್ತು. ಇವನ್ನೆಲ್ಲ ಚರ್ಚ್ ತಂಡಗಳೇ ಹಾಕಿದ್ದಲ್ಲ, ಸರ್ಕಾರಗಳೂ ದೊಡ್ಡ ಸಂಸ್ಥೆಗಳೂ ಹಾಕಿದವು ಅದರಲ್ಲಿವೆ. ಹಾಕಿದವರು ಹೊರಟುಹೋದ ಮೇಲೆ ರಿಪೇರಿ ಯಾರ ಹೊಣೆ ಎಂಬ ಪ್ರಶ್ನೆ ಎಲ್ಲರಿಗೂ ಒಂದೇ.

ಆರೋಗ್ಯ ಶಿಬಿರದ ವಿಷಯಕ್ಕೆ ಬಂದರೆ, ಒಂದೇ ದಿನ ಒಮ್ಮೆ ನೋಡಿದ ಬಿಪಿಯಿಂದ ರಕ್ತದೊತ್ತಡದ ಕಾಯಿಲೆ ಇದೆಯೆಂದು ಸಾಮಾನ್ಯವಾಗಿ ತೀರ್ಮಾನಿಸುವಂತಿಲ್ಲ, ಬೇರೆಬೇರೆ ದಿನ ಅಳೆಯಬೇಕು. ಮೂವತ್ತು ಮಾತ್ರೆ ಕೊಟ್ಟು ಹೋದರೆ ಮೂವತ್ತೊಂದನೇ ದಿನ ರೋಗಿ ಬರಿಗೈಯಲ್ಲಿ ನಿಲ್ಲುತ್ತಾರೆ. ಕೆಲವು ಬಗೆಯ ಬಿಪಿ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯವೂ ಹೌದು. ಉಳಿದ, ಅವಧಿ ಮುಗಿಯುತ್ತ ಬಂದ ಔಷಧಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುವ ರೂಢಿಗೆ ತಡೆ ಹಾಕಲು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಮಾರ್ಗಸೂಚಿ ತಂದಿತು: ಔಷಧ ಆ ದೇಶ ಮುಟ್ಟಿದಾಗ ಕನಿಷ್ಠ ಒಂದು ವರ್ಷದ ಬಾಳಿಕೆ ಉಳಿದಿರಬೇಕು, ಲೇಬಲ್ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಅರ್ಥವಾಗುವ ಭಾಷೆಯಲ್ಲಿದ್ದು ಔಷಧದ ಜೆನೆರಿಕ್ ಹೆಸರು ಹೊಂದಿರಬೇಕು. ಜಂತುಹುಳುವಿಗೆ ಒಂದೇ ಬಾರಿ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ಚಿಕ್ಕ ಪ್ರವಾಸಕ್ಕೆ ಒಗ್ಗುವ ಕೆಲಸ. ಎರಡು ವರ್ಷದೊಳಗಿನ ಮಕ್ಕಳಿಗೆ 200 ಮಿಲಿಗ್ರಾಂ. ಒಂದು ವರ್ಷ ತುಂಬದ ಕೂಸುಗಳಿಗೆ ಇಲ್ಲ. ಆದರೂ ಅಲ್ಲಿನ ಆರೋಗ್ಯ ಇಲಾಖೆಯ ವೇಳಾಪಟ್ಟಿಗೆ ಹೊಂದಿಸಿಕೊಂಡು, ಅವರ ದಾಖಲೆ ಪುಸ್ತಕದಲ್ಲೇ ಬರೆಸಬೇಕು. ಇಲ್ಲವಾದರೆ ಒಂದು ಹಳ್ಳಿಗೆ ಎರಡೆರಡು ಸಲ ಸಿಕ್ಕಿ, ಪಕ್ಕದ ಹಳ್ಳಿಗೆ ಒಮ್ಮೆಯೂ ಸಿಗದೆ ಹೋಗುತ್ತದೆ.

ಮಕ್ಕಳ ವಿಷಯದಲ್ಲಿ

ಅತಿ ಹೆಚ್ಚು ಹಾನಿಯಾದದ್ದು ಅನಾಥಾಶ್ರಮ ಭೇಟಿಗಳಿಂದ. ಜಗತ್ತಿನ ಅನಾಥಾಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಬಡತನದಿಂದ, ಶಾಲೆಯ ಆಸೆಯಿಂದ ಬಿಟ್ಟುಹೋಗಿರುತ್ತಾರೆ. ನೋಡಲು ಬರುವವರು ಕಾಣಿಕೆ ಕೊಡುತ್ತಾರೆಂದರೆ ಅಂಥ ಆಶ್ರಮಗಳು ಹೆಚ್ಚುತ್ತವೆ, ತುಂಬಲು ಮಕ್ಕಳನ್ನು ಹುಡುಕಿ ತರಲಾಗುತ್ತದೆ. 2010ರ ಜನವರಿಯ ಭೂಕಂಪದ ಬೆನ್ನಿಗೆ ಹೈಟಿಯಿಂದ 33 ಮಕ್ಕಳನ್ನು ಸರಿಯಾದ ಕಾಗದಪತ್ರವಿಲ್ಲದೆ ಡೊಮಿನಿಕನ್ ಗಣರಾಜ್ಯಕ್ಕೆ ಕರೆದೊಯ್ಯಲು ಹೊರಟಿದ್ದ ಅಮೆರಿಕದ ಚರ್ಚ್ ತಂಡವೊಂದನ್ನು ಗಡಿಯಲ್ಲಿ ಬಂಧಿಸಲಾಯಿತು. ಆ ಮಕ್ಕಳಲ್ಲಿ ಹಲವರಿಗೆ ಹೆತ್ತವರಿದ್ದರು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಅನಾಥಾಶ್ರಮಗಳಲ್ಲಿನ ಸ್ವಯಂಸೇವೆಯಿಂದ ಆಗುವ ಹಾನಿ ತಡೆಯುವಂತೆ ಸದಸ್ಯ ದೇಶಗಳಿಗೆ ನಿರ್ಣಯದ ಮೂಲಕವೇ ಹೇಳಿತು. ವಾರಕ್ಕೊಂದು ತಂಡ ಬಂದು ಮುದ್ದಾಡಿ ಹೋಗುವುದು ಮಗುವಿಗೆ ವಾರವಾರವೂ ಬಿಟ್ಟುಹೋದ ಅನುಭವ. ಈ ಒಂದು ಕೆಲಸವನ್ನು ತಂಡಗಳು ಪೂರ್ತಿ ಕೈಬಿಡಬೇಕು, ಇದರಲ್ಲಿ ಮಧ್ಯಮಾರ್ಗವಿಲ್ಲ.

ತಿದ್ದಿಕೊಳ್ಳುವ ಪ್ರಯತ್ನ ಚರ್ಚ್‌ಗಳ ಒಳಗಿನಿಂದಲೂ ನಡೆದಿದೆ. 2003ರಲ್ಲಿ ಅಮೆರಿಕದ ಮಿಷನ್ ಸಂಸ್ಥೆಗಳು ಅಲ್ಪಾವಧಿ ಪ್ರವಾಸಗಳಿಗೆಂದೇ ಏಳು ಮಾನದಂಡ ಒಪ್ಪಿಕೊಂಡವು. ಆತಿಥೇಯರೊಡನೆ ಕೂತು ಯೋಜನೆ ರೂಪಿಸುವುದು, ತಕ್ಕ ತರಬೇತಿ, ಮರಳಿದ ಮೇಲಿನ ಅನುಸರಣೆ ಅದರಲ್ಲಿವೆ. ಅದಕ್ಕೂ ಮೊದಲು, 1994ರ ರೆಡ್‌ಕ್ರಾಸ್ ನೀತಿಸಂಹಿತೆ, ನೆರವನ್ನು ಯಾವುದೇ ಧಾರ್ಮಿಕ ನಿಲುವು ಮುಂದೊತ್ತಲು ಬಳಸಬಾರದೆಂದಿತ್ತು. ಚರ್ಚ್ ಮೂಲದ ಹಲವು ಸಂಸ್ಥೆಗಳೂ ಅದಕ್ಕೆ ಸಹಿ ಹಾಕಿವೆ. ಔಷಧದ ಸಾಲಿನಲ್ಲಿ ನಿಂತವರನ್ನು ಮೊದಲು ಪ್ರಾರ್ಥನೆಗೆ ಕೂರಿಸುವುದು ಈ ನೀತಿಗೆ ಹೊಂದುವುದಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಧರ್ಮಪ್ರಚಾರ ಮಾಡುವುದು ಹಲವು ದೇಶಗಳಲ್ಲಿ ಕಾನೂನುಬಾಹಿರವೂ ಹೌದು. ಸಿಕ್ಕಿಬಿದ್ದರೆ ತಂಡ ಗಡೀಪಾರಾದೀತು, ಪೊಲೀಸರ ಮುಂದೆ ಉತ್ತರ ಹೇಳುವವರು ಅಲ್ಲೇ ಉಳಿಯುವ ಸ್ಥಳೀಯ ಪಾಸ್ಟರ್.

ಕ್ರಮವಾಗಿ ನಡೆಯುವ ಪ್ರವಾಸದ ತಯಾರಿ ಒಂಬತ್ತು ತಿಂಗಳು, ಒಂದು ವರ್ಷ ಮೊದಲೇ ಶುರುವಾಗುತ್ತದೆ. ಹಳ್ಳಿಯಲ್ಲಿ ವರ್ಷಗಳಿಂದ ಇರುವ ಸಂಸ್ಥೆಯೊಂದು ಕೆಲಸ ಗೊತ್ತುಮಾಡಿ, ಅದಕ್ಕೆ ಯಾವ ಕೌಶಲ ಬೇಕೆಂದು ಬರೆದು ಕಳಿಸುತ್ತದೆ. ಪಂಪು ಮೆಕ್ಯಾನಿಕ್ ತರಬೇತಿಗೆ ಇಬ್ಬರು ಸಾಕಿದ್ದರೆ ಇಬ್ಬರೇ ಹೋಗುತ್ತಾರೆ, ಉಳಿದವರ ಟಿಕೆಟ್ ಹಣ ಬಿಡಿಭಾಗಗಳ ನಿಧಿಗೆ ಸೇರುತ್ತದೆ. ವೈದ್ಯರು ಆ ದೇಶದ ವೈದ್ಯಕೀಯ ಮಂಡಳಿಯಿಂದ ತಾತ್ಕಾಲಿಕ ಅನುಮತಿ ಪಡೆಯುತ್ತಾರೆ. ಹಳದಿ ಜ್ವರದ ಲಸಿಕೆ ಗಡಿ ದಾಟುವ ಕನಿಷ್ಠ ಹತ್ತು ದಿನ ಮೊದಲು ಆಗಿರಬೇಕು. ಮಲೇರಿಯಾ ತಡೆ ಮಾತ್ರೆಯನ್ನು ಮನೆಗೆ ಬಂದೊಡನೆ ಬಿಡುವುದು ಮತ್ತೆ ಮತ್ತೆ ಕಾಣುವ ತಪ್ಪು: ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ ಮುಂದುವರಿಸಬೇಕು. ಹಳ್ಳಿಯ ಕಡೆಯ ಅನುಸರಣೆಗೂ ತಾರೀಖು ಹೊರಡುವ ಮೊದಲೇ ಗೊತ್ತಾಗಿರುತ್ತದೆ. ಆರು ತಿಂಗಳಿಗೊಮ್ಮೆ, ಮತ್ತೆ ಒಣ ಋತುವಿನ ಕೊನೆಗೊಮ್ಮೆ, ಸ್ಥಳೀಯ ನೀರಿನ ಸಮಿತಿಯೇ ಪಂಪು ನೋಡಿ ವರದಿ ಬರೆಯುತ್ತದೆ. ಆ ಓಡಾಟದ ಖರ್ಚು ಪ್ರವಾಸದ ಬಜೆಟ್‌ನಲ್ಲೇ ಸೇರಿರುತ್ತದೆ.