ಐರಿಸ್ ಬೀಜ ಮೊಳೆಯಲು ಏಕೆ ಇಷ್ಟು ತಡ?

ಹೆಸರುಕಾಳನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಇಣುಕುತ್ತದೆ. ಐರಿಸ್ ಎಂಬ ಹೂಗಿಡದ ಬೀಜದ ಬಳಿ ಈ ಲೆಕ್ಕ ನಡೆಯುವುದಿಲ್ಲ. ದಳದ ಮೇಲೆ ಗಡ್ಡದಂಥ ಕೂದಲಿರುವ ತೋಟದ ಐರಿಸ್‌ನ ಒಣಬೀಜವನ್ನು ನೇರವಾಗಿ ಕುಂಡಕ್ಕೆ ಹಾಕಿದವರು ಬಹಳ ಸಲ ತಿಂಗಳುಗಟ್ಟಲೆ ಬರಿ ಮಣ್ಣಿಗೆ ನೀರೆರೆಯುತ್ತಿರುತ್ತಾರೆ.

ಕಾರಣ ಬೀಜದ ರಚನೆಯಲ್ಲಿದೆ. ಭ್ರೂಣ ಪುಟ್ಟದು, ಅದರ ಸುತ್ತಲಿನ ಭ್ರೂಣಾಹಾರ (ಭ್ರೂಣಕ್ಕೆ ಆಹಾರ ಕೂಡಿಟ್ಟ ಪದರ) ಬಲು ಗಟ್ಟಿ. ಬೇರು ಹೊರಬರಬೇಕಾದ ತುದಿಯನ್ನೂ ಅದೇ ಬಿಗಿಯಾಗಿ ಮುಚ್ಚಿರುತ್ತದೆ. ಜೊತೆಗೆ ಮೊಳಕೆಯನ್ನು ತಡೆಯುವ ರಾಸಾಯನಿಕಗಳೂ ಬೀಜದೊಳಗಿವೆ. 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಲ್. ಎಫ್. ರಾಂಡಾಲ್ಫ್ ಭ್ರೂಣವನ್ನು ಮಾತ್ರ ಬಿಡಿಸಿ ಪೋಷಕ ಮಾಧ್ಯಮದಲ್ಲಿ ಬೆಳೆಸಿದರು. ಇಡೀ ಬೀಜಕ್ಕೆ ಬೇಕಾಗುವ ಚಳಿಯ ಹಂಗಿಲ್ಲದೆ ಅದು ಬೆಳೆಯಿತು. ಆದ್ದರಿಂದ 'ಏಕೆ ತಡ?' ಎಂಬ ಪ್ರಶ್ನೆಗೆ 'ಸುಪ್ತಾವಸ್ಥೆ' (ಬೀಜದ ನಿದ್ರೆ) ಎಂದಷ್ಟೇ ಉತ್ತರಿಸಿ ಸುಮ್ಮನಾಗಬೇಡಿ. ತಡೆ ಮುಖ್ಯವಾಗಿ ಭ್ರೂಣದ ಸುತ್ತಲಿನ ಪದರದಲ್ಲಿದೆ ಎಂಬುದನ್ನೂ ಸೇರಿಸಿ.

ಮನೆಯಲ್ಲಿ ಮಾಡಬೇಕಾದ ಕೆಲಸ ಎರಡೇ: ತೊಳೆಯುವುದು, ತಣ್ಣಗಿಡುವುದು. ಕಾಶ್ಮೀರದಲ್ಲಿ ಇವೆರಡನ್ನೂ ಹಿಮ ಮತ್ತು ಹಿಮ ಕರಗಿದ ನೀರು ನೋಡಿಕೊಳ್ಳುತ್ತವೆ. ಬೆಂಗಳೂರಿನ ಚಳಿ ಸಾಲದು, ಫ್ರಿಜ್ ಬೇಕು. ಬೀಜವನ್ನು ಒಂದೆರಡು ವಾರ ನೀರಿನಲ್ಲಿಟ್ಟು ದಿನವೂ ನೀರು ಬದಲಿಸಿ. ವಿದೇಶದ ಕೆಲವು ಹವ್ಯಾಸಿಗಳು ಬೀಜವನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ಶೌಚಾಲಯದ ಫ್ಲಶ್ ತೊಟ್ಟಿಯೊಳಗೆ ಇಳಿಬಿಡುತ್ತಾರೆ! ಕೇಳಲು ಮುಜುಗರವಾದರೂ ತರ್ಕ ಸರಿಯಾಗಿದೆ: ನೀರು ತಾನಾಗಿಯೇ ಬದಲಾಗುತ್ತಿರುತ್ತದೆ.

ನಂತರ ಒದ್ದೆಮಾಡಿ ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಬೀಜವನ್ನು ಜಿಪ್ ಕವರಿನಲ್ಲಿ ಹಾಕಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ತಿಂಗಳು ಇಡಿ. ಫ್ರೀಜರ್ ಬೇಡ. ತೇವ ಇರಲೇಬೇಕು, ಒಣಬೀಜವನ್ನು ಎಷ್ಟು ಕಾಲ ತಣ್ಣಗಿಟ್ಟರೂ ಈ ಫಲ ಸಿಗುವುದಿಲ್ಲ. ವಾರಕ್ಕೊಮ್ಮೆ ಕವರನ್ನು ಬೆಳಕಿಗೆ ಹಿಡಿದು ನೋಡಿ. ಸುಕ್ಕುಗಟ್ಟಿದ ಕಂದು ಬೀಜದ ಒಂದು ತುದಿಯಲ್ಲಿ ಬಿಳಿ ಮೊನೆ ಕಂಡರೆ ಅದು ಬೇರು. ಅಂಥ ಬೀಜವನ್ನು ಕೂಡಲೇ ಒಂದು ಸೆಂಟಿಮೀಟರ್ ಆಳಕ್ಕೆ ನೆಡಿ. ಮೊದಲು ಬರುವುದು ಒಂದೇ ಕಿರಿದಾದ ಎಲೆ. ಏಕದಳ ಸಸ್ಯವಲ್ಲವೇ, ಕಳೆಹುಲ್ಲೆಂದು ಕೀಳದಿರಿ.

ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಒಂದೇ ಕಾಯಿಯ ಬೀಜಗಳಲ್ಲಿ ಕೆಲವು ಮುಂದಿನ ವರ್ಷಕ್ಕೆ ಕಾಯುವುದುಂಟು. ಮಿಶ್ರತಳಿಯ ಬೀಜವಾದರೆ ತಾಯಿಗಿಡದ ಬಣ್ಣವೇ ಬರುತ್ತದೆಂಬ ಭರವಸೆಯೂ ಇಲ್ಲ. ಬಯಲುಸೀಮೆಯವರಿಗೆ ಇನ್ನೊಂದು ತೊಡಕು: ಸಸಿ ಬಂದರೂ ಹೂ ಬಿಡಲು ಈ ಐರಿಸ್ ಮತ್ತೆ ಚಳಿಗಾಲ ಕೇಳುತ್ತದೆ. ಅವರಿಗೆ ನನ್ನ ಸಲಹೆ ಐರಿಸ್ ಡೊಮೆಸ್ಟಿಕಾ. 2005ರವರೆಗೆ ಬೆಲಮ್‌ಕಾಂಡ ಎಂದು ಬೇರೆ ಕುಲದಲ್ಲಿದ್ದ, ಚುಕ್ಕೆಗಳ ಕಿತ್ತಳೆ ಹೂವಿನ ಈ ಗಿಡ ಸೆಕೆಗೂ ಹೊಂದಿಕೊಳ್ಳುತ್ತದೆ.